ಕೊಡಗಿನ ಮನೆಯಂಗಳದಲ್ಲಿ ಹಕ್ಕಿ ನೋಡುವುದು, ಫೋಟೋ ತೆಗೆಯುವುದು: ಹೊಸಬರಿಗೊಂದು ಮಾರ್ಗದರ್ಶಿ

"ಹಕ್ಕಿ ಫೋಟೋ ತೆಗೀಬೇಕು, ಯಾವ ಕ್ಯಾಮೆರಾ ತಗೊಳ್ಳಲಿ?" ಕೊಡಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಐದನೇ ಹಂತದಲ್ಲಿದೆ. ಅದಕ್ಕೂ ಮೊದಲಿನ ಕೆಲಸಗಳಿಗೆ ದುಡ್ಡು ಅಷ್ಟಾಗಿ ಬೇಕಿಲ್ಲ, ಬೆಳಗಿನ ಅರ್ಧ ಗಂಟೆ ಬೇಕು.

ಬಯಲುಸೀಮೆಯವರಿಗೆ ಬರೆದ ಸಲಹೆಗಳು ನಮಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಬೆಳಕು ಧಾರಾಳ, ಹಕ್ಕಿ ದೂರ. ಇಲ್ಲಿ ಹಕ್ಕಿ ಅಡುಗೆಮನೆ ಕಿಟಕಿಯವರೆಗೂ ಬರುತ್ತದೆ, ಆದರೆ ತೋಟದ ಮರಗಳ ಕೆಳಗೆ ಬೆಳಕೇ ಇರುವುದಿಲ್ಲ. ಜೂನ್ ಬಂತೆಂದರೆ ತೇವ ಬೇರೆ. ದೂರದ ಹಕ್ಕಿಗೆಂದು ದೊಡ್ಡ ಲೆನ್ಸ್ ಕೊಂಡವರು ಮಸುಕು ಫೋಟೋ ಹಿಡಿದು ಕೂರುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಆ ಲೆನ್ಸ್ ಒಳಗೆ ಬೂಷ್ಟು ಹಿಡಿದಿರುತ್ತದೆ. ಹಾಗಾಗಿ ಕತ್ತಲೆ ಮತ್ತು ತೇವದ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ.

1. ಮೊದಲು ಕೂರುವ ಜಾಗ ಹುಡುಕಿ

ದಟ್ಟ ತೋಟದ ಒಳಗೆ ಹೋದರೆ ಹಕ್ಕಿ ಕೇಳಿಸುತ್ತದೆ, ಕಾಣಿಸುವುದಿಲ್ಲ. ಎರಡು ಥರದ ಜಾಗ ಸೇರುವ ಅಂಚು ನೋಡಿ. ಕಾಫಿ ಕಣದ ಬದಿ, ಗದ್ದೆಗೂ ತೋಟಕ್ಕೂ ನಡುವಿನ ದಾರಿ, ಬಚ್ಚಲ ನೀರು ಹರಿಯುವ ಬಾಳೆಬುಡ, ಇಂಥವು ಒಳ್ಳೆಯ ಜಾಗ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗೆ ಇರುವಂತೆ ಕುರ್ಚಿ ಹಾಕಿಕೊಳ್ಳಿ.

ಒಂದು ವಾರ ಅಲ್ಲೇ, ಅದೇ ಹೊತ್ತಿಗೆ, ಕ್ಯಾಮೆರಾ ಇಲ್ಲದೆ ಕೂತು ನೋಡಿ. ಯಾವ ಹಕ್ಕಿ ಯಾವ ಕೊಂಬೆಗೆ ಬರುತ್ತದೆ ಎಂದು ಬರೆದಿಡಿ. ಕಾಜಾಣ, ನೊಣಹಿಡುಕದಂಥ ಹುಳ ಹಿಡಿಯುವ ಹಕ್ಕಿಗಳು ಒಂದು ಕೊಂಬೆಯಿಂದ ಹಾರಿ, ಹುಳ ಹಿಡಿದು, ಬಹಳ ಸಲ ಅದೇ ಕೊಂಬೆಗೆ ವಾಪಸ್ ಬಂದು ಕೂರುತ್ತವೆ. ಆ ಕೊಂಬೆ ನಿಮಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಹಕ್ಕಿಯ ಹಿಂದೆ ಓಡುವವರಿಗೆ ಸಿಗುವುದು ಬರೀ ಬಾಲದ ಫೋಟೋ.

ನವೆಂಬರ್‌ನಿಂದ ಜನವರಿವರೆಗೆ ಮಂಜು ಕರಗುವವರೆಗೆ ಫೋಟೋ ತೆಗೆಯುವಷ್ಟು ಬೆಳಕು ಬರುವುದಿಲ್ಲ. ಸುಮ್ನೆ ಆರು ಗಂಟೆಗೆ ಎದ್ದು ಚಳಿಯಲ್ಲಿ ನಡುಗಬೇಡಿ. ಎಂಟರಿಂದ ಹತ್ತು ಒಳ್ಳೆಯ ಹೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಬೇಗ ಏಳಿ.

ಎಚ್ಚರಿಕೆ: ಆನೆ ಓಡಾಡುವ ತೋಟವಾದರೆ ಕತ್ತಲಿರುವಾಗ ಒಳಗೆ ಹೋಗಲೇಬೇಡಿ. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಹುಷಾರು. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತೋಟದ ಕೆಲಸದವರನ್ನು ಕೇಳಿಕೊಂಡೇ ಹೊರಡಿ. ಕಿವಿಗೆ ಇಯರ್‌ಫೋನ್ ಬೇಡ. ಪಕ್ಕದವರ ತೋಟಕ್ಕೆ ಕಾಲಿಡುವ ಮೊದಲು ಒಂದು ಮಾತು ಕೇಳುವುದು ಮರ್ಯಾದೆ. ಕಾಫಿ ಕುಯ್ಯುವ, ಮೆಣಸು ಕುಯ್ಯುವ ಕಾಲದಲ್ಲಂತೂ ಕಡ್ಡಾಯ. ಕ್ಯಾಮೆರಾ ಚೀಲ ಹೊತ್ತ ಅಪರಿಚಿತರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

2. ಬೈನಾಕ್ಯುಲರ್ ತಗೊಳ್ಳಿ, ಕಿವಿ ಪಳಗಿಸಿ

ಮೊದಲ ಖರ್ಚು ಬೈನಾಕ್ಯುಲರ್‌ಗೆ ಇರಲಿ. ಅದರ ಮೇಲೆ 8×42, 10×42 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 8×42ಕ್ಕೆ ಅದು 5.25, 10×42ಕ್ಕೆ 4.2. ನೆರಳಿನ ತೋಟದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಜೊತೆಗೆ 8ರಲ್ಲಿ ಕೈ ನಡುಕ ಕಡಿಮೆ ಕಾಣುತ್ತದೆ, ಒಂದೇ ನೋಟಕ್ಕೆ ಜಾಸ್ತಿ ಜಾಗ ಸಿಗುತ್ತದೆ. ಕೊಡಗಿಗೆ 8×42 ಸಾಕು. ವಾಟರ್‌ಪ್ರೂಫ್ ಆಗಿರಲಿ. ಅಂಗಡಿಯವರು 20 ಪಟ್ಟು, 30 ಪಟ್ಟು ಎಂದು ಆಸೆ ತೋರಿಸಿದರೆ ಬೀಳಬೇಡಿ. ಕೈಯಲ್ಲಿ ಹಿಡಿದು ನೋಡಿದರೆ ಹಕ್ಕಿ ಕುಣಿಯುತ್ತಲೇ ಇರುತ್ತದೆ.

ಆಮೇಲೆ ಕಿವಿ. ತೋಟದಲ್ಲಿ ಹತ್ತರಲ್ಲಿ ಏಳೆಂಟು ಹಕ್ಕಿ ಮೊದಲು ಗೊತ್ತಾಗುವುದು ಕೂಗಿನಿಂದಲೇ. ದಿನವೂ ಕೇಳುವ ಐದಾರನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಬೆಳಗಿಂದ ಸಂಜೆವರೆಗೆ ಕುಟ್ರೂ ಕುಟ್ರೂ ಎನ್ನುವ ಬಿಳಿ ಕೆನ್ನೆಯ ಕುಟ್ರು. ಜುಟ್ಟಿನ, ಕೆಂಪು ಮೀಸೆಯ ಪಿಕಳಾರ. ಕಪ್ಪು ಬಿಳುಪಿನ ಮಡಿವಾಳ. ಗುಂಪಾಗಿ ಗಲಾಟೆ ಮಾಡುವ ಹರಟೆಮಲ್ಲ. ಗಹಗಹಿಸಿ ನಕ್ಕಂತೆ ಕೂಗುವ ಮಲಬಾರ್ ಬೂದು ಮಂಗಟ್ಟೆ. ಈ ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆಲ್ಲೂ ಇಲ್ಲ. ಮಳೆಗಾಲದಲ್ಲಿ ತೊರೆಯ ಕಡೆಯಿಂದ ಯಾರೋ ಹುಡುಗ ಗೊತ್ತುಗುರಿಯಿಲ್ಲದೆ ಸೀಟಿ ಹೊಡೆದಂತೆ ಕೇಳಿದರೆ ಅದು ಮಲಬಾರ್ ಸಿಳ್ಳೆ ಹಕ್ಕಿ.

ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯ ಮರ್ಲಿನ್ ಎಂಬ ಉಚಿತ ಆಪ್ ಇದೆ. ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ನೆಟ್‌ವರ್ಕ್ ಸಿಗುವ ಕಡೆ ನಮ್ಮ ಪ್ರದೇಶದ ಪ್ಯಾಕ್ ಡೌನ್‌ಲೋಡ್ ಮಾಡಿಕೊಂಡರೆ ತೋಟದ ಮೂಲೆಯಲ್ಲೂ ಕೆಲಸ ಮಾಡುತ್ತದೆ. ಆದರೆ ಅದು ಹೇಳಿದ್ದೇ ವೇದವಾಕ್ಯ ಅಂದುಕೊಳ್ಳಬೇಡಿ. ಬಾಲದ ತುದಿಯಲ್ಲಿ ಎರಡು ಗರಿ ತೂಗುವ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಚೆನ್ನಾಗಿ ಅನುಕರಿಸುತ್ತದೆ. ಎಲೆಹಕ್ಕಿಯೂ ಹಾಗೇ. ಆಪ್ ಒಂದೇ ಮರದಿಂದ ನಾಲ್ಕು ಹಕ್ಕಿ ಹೆಸರು ಹೇಳಿದರೆ ಮೊದಲು ಭೀಮರಾಜನನ್ನು ಹುಡುಕಿ.

3. ನೀರಿಡಿ

ಅಂಗಳಕ್ಕೆ ಹಕ್ಕಿ ಬರಬೇಕೆಂದರೆ ಕಾಳಿಗಿಂತ ನೀರು ಒಳ್ಳೆಯದು. ಕಾಳು ತಿನ್ನದ ಹಕ್ಕಿಗಳೂ ನೀರಿಗೆ ಬರುತ್ತವೆ. ಜನವರಿಯಿಂದ ಮೊದಲ ಹೂಮಳೆವರೆಗೆ, ತೋಟ ಒಣಗಿರುವಾಗ, ಇದರ ಫಲ ಚೆನ್ನಾಗಿ ಕಾಣುತ್ತದೆ. ನೆಲದ ಮೇಲೆ ಎಲೆ ಕೆದಕುವ ಕಿತ್ತಳೆ ತಲೆಯ ಥ್ರಶ್ ಬೇರೆ ಹೊತ್ತಿನಲ್ಲಿ ಸುಲಭಕ್ಕೆ ಕಾಣಿಸದು, ಸ್ನಾನಕ್ಕೆ ಮಾತ್ರ ಬರುತ್ತದೆ.

ಅಗಲವಾದ ಮಣ್ಣಿನ ತಟ್ಟೆ ಸಾಕು. ನೀರು ಒಂದರಿಂದ ಎರಡು ಇಂಚಿಗಿಂತ ಆಳ ಬೇಡ. ಸ್ಟೀಲ್, ಪ್ಲಾಸ್ಟಿಕ್ ಜಾರುತ್ತದೆ. ಇರುವುದು ಅದೇ ಆದರೆ ನಡುವೆ ಒಂದು ಒರಟು ಕಲ್ಲಿಡಿ. ತಟ್ಟೆಯಿಂದ ಆರೇಳು ಅಡಿ ದೂರದಲ್ಲಿ ಪೊದೆ ಇರಲಿ, ಹೆದರಿದರೆ ಹಾರಿ ಕೂರಲು. ಪೊದೆಗೆ ತೀರಾ ಅಂಟಿಸಿ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ.

ನೀರನ್ನು ದಿನವೂ ಚೆಲ್ಲಿ ಹೊಸದು ಹಾಕಿ. ಇದರಲ್ಲಿ ಸೋಮಾರಿತನ ಬೇಡ. ನಿಂತ ನೀರಲ್ಲಿ ಸುಮಾರು ಒಂದು ವಾರದಲ್ಲಿ ಡೆಂಗಿ ಸೊಳ್ಳೆ ಬೆಳೆದು ಹಾರುತ್ತದೆ. ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಸೋಪು ಹಾಕಬೇಡಿ. ಊರಿಗೆ ಹೋಗುವುದಿದ್ದರೆ ಬೋರಲು ಹಾಕಿ ಹೋಗಿ.

4. ಗಿಡ ಮತ್ತು ಹಣ್ಣು

ತಟ್ಟೆಯಲ್ಲಿ ಊಟ ಬಡಿಸುವುದಕ್ಕಿಂತ ಮರ ಉಳಿಸುವುದು ಮುಖ್ಯ. ಅತ್ತಿ, ಗೋಣಿ, ಬಸರಿ ಮರ ಹಣ್ಣು ಬಿಟ್ಟರೆ ಕುಟ್ರು, ಮಂಗಟ್ಟೆ, ಪಿಕಳಾರ, ಹೊನ್ನಕ್ಕಿ ಎಲ್ಲ ಒಂದೇ ಮರದಲ್ಲಿ ಸಿಗುತ್ತವೆ. ಬೂರುಗದ ಮರ ಎಲೆ ಉದುರಿಸಿ ಕೆಂಪು ಹೂ ಬಿಡುವ ಜನವರಿ–ಮಾರ್ಚ್ ಫೋಟೋಗೆ ಚಿನ್ನದಂಥ ಕಾಲ. ಎಲೆಯ ಅಡ್ಡ ಇಲ್ಲ, ಬೆಳಕಿದೆ, ಹೂವಿನ ರಸಕ್ಕೆ ಹಕ್ಕಿಗಳ ಸಂತೆ. ಹಾಲುವಾಣದ ಹೂವಿಗೂ ಹಾಗೇ ಬರುತ್ತವೆ. ಜಾಗ ಕಡಿಮೆ ಇದ್ದರೆ ದಾಸವಾಳ, ಕೇಪಳ ಹಾಕಿ, ಸೂರಕ್ಕಿ ಬರುತ್ತದೆ. ಒಂದು ಗಸಗಸೆ ಹಣ್ಣಿನ ಮರ ಇದ್ದರೆ ಹೂಗುಟುಕ ಅಲ್ಲೇ ಬೀಡುಬಿಡುತ್ತದೆ. ಲಂಟಾನ ಮಾತ್ರ ಬೆಳೆಸಬೇಡಿ. ಹಕ್ಕಿ ಅದರ ಹಣ್ಣು ತಿನ್ನುತ್ತದೆ ನಿಜ, ಬೀಜವನ್ನು ಕಾಡಿಗೂ ಒಯ್ಯುತ್ತದೆ.

ಮರಗಸಿ ಮಾಡಿಸುವಾಗ ಒಂದು ವಿಷಯ ನೆನಪಿಡಿ. ಮರಗಸಿ ಅಂದರೆ ತೋಟದ ನೆರಳು ಹದ ಮಾಡಲು ಕೊಂಬೆ ಕಡಿಯುವುದು, ಬೆಳೆಗಾರರಿಗೆ ಹೇಳಬೇಕಿಲ್ಲ. ಮನೆ, ಲೈನ್‌ಮನೆ, ದಾರಿಯ ಮೇಲೆ ಬೀಳುವ ಅಪಾಯ ಇಲ್ಲದ ಒಣ ಕೊಂಬೆ ಒಂದೆರಡನ್ನು ಬಿಡಿ. ಕುಟ್ರು, ಮರಕುಟಿಗ ಗೂಡು ಕೊರೆಯುವುದು ಅದರಲ್ಲೇ. ಹಳೇ ಪೊಟರೆ ಇರುವ ದೊಡ್ಡ ಮರವನ್ನಂತೂ ಉಳಿಸಿಕೊಳ್ಳಿ. ಮಂಗಟ್ಟೆ ತಾನೇ ಪೊಟರೆ ಕೊರೆಯಲಾರದು. ಮರಗಳ ಮೇಲಿನ ಬಂದಳಿಕೆಯನ್ನು ಕಿತ್ತು ಹಾಕುವುದು ರೂಢಿ. ಬೆಳೆಗೆ ತೊಂದರೆ ಇಲ್ಲದ ಕಡೆ ಸ್ವಲ್ಪ ಇದ್ದರೆ ಹೂಗುಟುಕಕ್ಕೆ ಅದೇ ಊಟ.

ಹಣ್ಣು ಇಡುವುದಾದರೆ ಮಾಗಿದ ಬಾಳೆ, ಪಪ್ಪಾಯ, ಪೇರಳೆ. ಸಂಜೆಗೆ ಉಳಿದದ್ದನ್ನು ತೆಗೆಯಿರಿ, ಇಲ್ಲವಾದರೆ ಇಲಿ, ಹೆಗ್ಗಣ, ಅದರ ಹಿಂದೆ ಹಾವು. ಬ್ರೆಡ್, ಮಿಕ್ಸ್ಚರ್, ಉಪ್ಪು ಹಾಕಿದ ಅನ್ನ ಬೇಡ. ತೋಟಕ್ಕೆ ಕೀಟನಾಶಕ ಹೊಡೆಯುವ ದಿನ ನೀರಿನ ತಟ್ಟೆ, ಹಣ್ಣಿನ ತಟ್ಟೆ ಎರಡನ್ನೂ ಒಳಗಿಡಿ.

5. ಈಗ ಕ್ಯಾಮೆರಾ

ಮೂರು ದಾರಿ ಇವೆ.

ಒಂದು, ಬ್ರಿಡ್ಜ್ ಕ್ಯಾಮೆರಾ. ಲೆನ್ಸ್ ಬದಲಿಸಲಾಗದ, ಉದ್ದ ಜೂಮ್ ಇರುವ ಕ್ಯಾಮೆರಾ ಇದು. ನಿಕಾನ್ ಪಿ950ರಂಥದ್ದು 2000 ಮಿಲಿಮೀಟರ್‌ಗೆ ಸಮನಾದ ಜೂಮ್ ಕೊಡುತ್ತದೆ. ಹಗುರ, ಒಂದೇ ಖರ್ಚು. ಆದರೆ ಇದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ತೀರಾ ಚಿಕ್ಕದು. ಗದ್ದೆ ಬದಿಯ ಬಿಸಿಲಲ್ಲಿ ಚೆನ್ನಾಗಿ ಬರುತ್ತದೆ, ತೋಟದ ನೆರಳಲ್ಲಿ ಕಷ್ಟಪಡುತ್ತದೆ. ಹಕ್ಕಿ ಗುರುತಿಸಲು ಸಾಕ್ಷಿ ಫೋಟೋ ಸಾಕು ಎನ್ನುವವರಿಗೆ ಇದೇ ಸರಿ.

ಎರಡು, ಲೆನ್ಸ್ ಬದಲಿಸುವ ಕ್ಯಾಮೆರಾ, ಜೊತೆಗೆ 70–300 ಅಥವಾ 100–400 ಮಿಲಿಮೀಟರ್ ಲೆನ್ಸ್. ಮನೆಯಂಗಳಕ್ಕೆ ನನ್ನ ಆಯ್ಕೆ ಇದು. ನೀರಿನ ತಟ್ಟೆ ಹದಿನೈದು ಅಡಿ ದೂರದಲ್ಲಿದ್ದರೆ 300 ಸಾಕಾಗುತ್ತದೆ.

ಮೂರು, 150–600ರಂಥ ದೊಡ್ಡ ಲೆನ್ಸ್. ಎರಡು ಕಿಲೋ ಸುತ್ತಮುತ್ತ ತೂಕ. ಒಂದು ವರ್ಷ ಹಕ್ಕಿ ನೋಡಿದ ಮೇಲೂ ಆಸೆ ಉಳಿದಿದ್ದರೆ ತಗೊಳ್ಳಿ.

ಮೊಬೈಲ್ ಮಾತ್ರ ಇದ್ದರೆ? ನೀರಿನ ತಟ್ಟೆಯ ಹತ್ತಿರ ಸ್ಟ್ಯಾಂಡಿಗೆ ನಿಲ್ಲಿಸಿ ವಿಡಿಯೋ ಹಾಕಿ ಒಳಗೆ ಬನ್ನಿ. ಆಮೇಲೆ ಅದರಿಂದ ಚಿತ್ರ ತೆಗೆಯಿರಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವುದಾದರೆ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

6. ನೆರಳಲ್ಲಿ ಫೋಟೋ: ಸೆಟ್ಟಿಂಗ್

ಮೂರು ಪದ ಗೊತ್ತಿರಬೇಕು. ಶಟರ್ ಸ್ಪೀಡ್ ಅಂದರೆ ಬೆಳಕಿಗೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಅಪರ್ಚರ್ ಅಂದರೆ ಆ ಬಾಗಿಲು ಎಷ್ಟು ಅಗಲ ಎಂಬುದು. ಅದರ ಎಫ್ ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಐಎಸ್‌ಒ ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬುದು. ಅದು ಏರಿದಂತೆ ಫೋಟೋದಲ್ಲಿ ರವೆ ಚೆಲ್ಲಿದಂಥ ಕಾಳುಕಾಳು ಬರುತ್ತದೆ.

ಹೊಸಬರು ಐಎಸ್‌ಒ ಏರಿಸಲು ಹೆದರುತ್ತಾರೆ. ಅದನ್ನು 400ರಲ್ಲಿ ಇಟ್ಟು, ಶಟರ್ 1/60 ಸೆಕೆಂಡಿಗೆ ಇಳಿದು, ಹಕ್ಕಿ ಅಲುಗಿ ಹೋಗಿರುತ್ತದೆ. ಕಾಳುಕಾಳನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಕಡಿಮೆ ಮಾಡಬಹುದು. ಅಲುಗಿದ್ದನ್ನು ಸರಿಮಾಡುವುದು ಕಷ್ಟ. ಹಾಗಾಗಿ ಹೀಗೆ ಮಾಡಿ:

ಮ್ಯಾನ್ಯುವಲ್ ಮೋಡ್‌ಗೆ ಹಾಕಿ, ಐಎಸ್‌ಒ ಒಂದನ್ನು ಆಟೋಗೆ ಬಿಡಿ. ಅಪರ್ಚರ್ ಲೆನ್ಸ್ ಕೊಡುವ ಅತಿ ಚಿಕ್ಕ ಎಫ್ ಅಂಕಿಗೆ. ಕೂತ ಹಕ್ಕಿಗೆ ಶಟರ್ 1/500. ಬೆಳಕು ತೀರಾ ಕಡಿಮೆ ಇದ್ದರೆ, ಲೆನ್ಸ್‌ನಲ್ಲಿ ನಡುಕ ತಡೆಯುವ ಸೌಲಭ್ಯ ಇದ್ದರೆ, 1/125ವರೆಗೂ ಇಳಿಯಬಹುದು. ಆಗ ಒಂದರ ಹಿಂದೊಂದು ನಾಲ್ಕೈದು ಕ್ಲಿಕ್ ಮಾಡಿ, ಯಾವುದೋ ಒಂದು ನಿಂತಿರುತ್ತದೆ. ಹಾರುವ ಹಕ್ಕಿಗೆ 1/1600ಕ್ಕಿಂತ ಕಡಿಮೆ ಬೇಡ. ಆಟೋ ಐಎಸ್‌ಒ 3200ವರೆಗೆ ಹೋಗಲು ಬಿಡಿ, ಹೊಸ ಕ್ಯಾಮೆರಾ ಆದರೆ 6400. ಫೋಕಸ್ ಚುಕ್ಕಿ ಒಂದೇ ಇರಲಿ, ಅದು ಕಣ್ಣಿನ ಮೇಲಿರಲಿ. ಕಣ್ಣು ಚುರುಕಾಗಿ ಬಂದರೆ ಬಾಲ ಸ್ವಲ್ಪ ಮಸುಕಾದರೂ ಫೋಟೋ ನಿಲ್ಲುತ್ತದೆ.

ಬಿಳಿ, ಕಪ್ಪು ಹಕ್ಕಿಗಳಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಅದು ಇಡೀ ಚಿತ್ರದ ಸರಾಸರಿಯನ್ನು ನಡುಮಧ್ಯದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಸಿರು ಗದ್ದೆಯ ನಡುವೆ ಚಿಕ್ಕದಾಗಿ ಕಾಣುವ ಬೆಳ್ಳಕ್ಕಿ ಆಗ ತೀರಾ ಬೆಳ್ಳಗಾಗಿ ಗರಿಯೇ ಕಾಣದಂತಾಗುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಕಾಂಪನ್ಸೇಷನ್, ಅಂದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ, ಮೈನಸ್ ಕಡೆಗೆ ತಿರುಗಿಸಿ. ಮೋಡದ ಆಕಾಶಕ್ಕೆ ಎದುರಾಗಿ ಕೂತ ಕಾಜಾಣಕ್ಕೆ ಪ್ಲಸ್ 1. ಎಲೆಗಳಿಂದ ಸೋಸಿ ಬರುವ ಬೆಳಕಲ್ಲಿ ಹಕ್ಕಿಗೆಲ್ಲ ಹಸಿರು ಬಳಿದಂತಾಗುತ್ತದೆ. ರಾ ಫೈಲ್ ಇಟ್ಟುಕೊಂಡರೆ ಅದನ್ನು ಆಮೇಲೆ ತಿದ್ದಬಹುದು. ಕ್ಯಾಮೆರಾ ತನ್ನ ಇಷ್ಟದಂತೆ ಬದಲಿಸದೆ ಉಳಿಸುವ ಮೂಲ ಫೈಲ್‌ಗೆ ರಾ ಎನ್ನುತ್ತಾರೆ.

7. ಮರೆಯಾಗಿ ಕೂರಿ

ಒಳ್ಳೆಯ ಮರೆ ಅಂದರೆ ಮನೆಯೇ. ಕಿಟಕಿ ತೆರೆದು, ಒಳಗಿನ ದೀಪ ಆರಿಸಿ, ಒಂದು ಹೆಜ್ಜೆ ಹಿಂದೆ ಕೂರಿ. ಕಿಟಕಿ ಕಟ್ಟೆ ಮೇಲೆ ಹಳೇ ಜೀನ್ಸ್ ಪ್ಯಾಂಟಿನ ಕಾಲಿಗೆ ಭತ್ತ ಅಥವಾ ಕಾಫಿ ಹೊಟ್ಟು ತುಂಬಿ ಇಟ್ಟರೆ ಲೆನ್ಸ್ ಅಲುಗುವುದಿಲ್ಲ. ಹೊರಗಾದರೆ ಕಾಫಿ ನರ್ಸರಿಯ ಹಸಿರು ನೆಟ್ಟನ್ನು ನಾಲ್ಕು ಬಿದಿರಿಗೆ ಕಟ್ಟಿ, ಲೆನ್ಸ್ ಹೊರಬರುವಷ್ಟು ತೂತು ಮಾಡಿ. ಕಟ್ಟಿದ ದಿನವೇ ಹಕ್ಕಿ ಬರದು, ಎರಡು ಮೂರು ದಿನ ಖಾಲಿ ಬಿಡಿ. ನಿಂತಿರಬೇಡಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದಷ್ಟೂ ಹಿನ್ನೆಲೆ ಹಗುರಾಗುತ್ತದೆ.

8. ಮಳೆಗಾಲದಲ್ಲಿ ಲೆನ್ಸ್ ಉಳಿಸಿಕೊಳ್ಳುವುದು

ಗಾಳಿಯ ತೇವ 70 ಶೇಕಡಾ ಮೇಲೆ ಹಲವು ದಿನ ನಿಂತರೆ ಫಂಗಸ್ ಬೆಳೆಯಲು ಅನುಕೂಲ. ನಮ್ಮಲ್ಲಿ ಜುಲೈ ಪೂರ್ತಿ ಹಾಗೇ ಇರುತ್ತದೆ. ಕ್ಯಾಮೆರಾ 40ರಿಂದ 50 ಶೇಕಡಾ ತೇವದಲ್ಲಿ ಇರಬೇಕು. ಕರೆಂಟ್‌ನಲ್ಲಿ ನಡೆಯುವ ಡ್ರೈ ಕ್ಯಾಬಿನೆಟ್ ಚೆನ್ನಾಗಿಯೇ ಇದೆ, ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೆ ಏನು ಮಾಡುವಿರಿ? ಅದಕ್ಕೇ ಸಿಲಿಕಾ ಜೆಲ್ ಡಬ್ಬಿ ಇಟ್ಟುಕೊಳ್ಳಿ.

ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ತೆಳು ಬಟ್ಟೆಯ ಚೀಲದಲ್ಲಿ ಕಾಲು ಕಿಲೋದಷ್ಟು ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಈ ಹರಳುಗಳು ನೀರು ಹೀರಿದಾಗ ಬಣ್ಣ ಬದಲಿಸುತ್ತವೆ. ನೀಲಿ ಬಗೆ ಗುಲಾಬಿಗೆ ತಿರುಗುತ್ತದೆ. ಆಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಒಣಗಿ ಮತ್ತೆ ನೀಲಿಯಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಅಡುಗೆ ಬಾಣಲೆ ಬಳಸಬೇಡಿ, ಹಳೆಯದೊಂದನ್ನು ಇದಕ್ಕೇ ಮೀಸಲಿಡಿ, ಮಕ್ಕಳ ಕೈಗೆ ಸಿಗದಿರಲಿ. ಕಿತ್ತಳೆ ಬಣ್ಣದ, ಕೋಬಾಲ್ಟ್ ಇಲ್ಲದ ಬಗೆ ಸಿಕ್ಕರೆ ಅದೇ ತನ್ನಿ.

ಮಾಡಬಾರದ್ದು: ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಅದರ ಹುಡಿ ಲೆನ್ಸ್ ಸಂದಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಮೆಣಸಿಗೆ ಅದು ಸರಿ, ಲೆನ್ಸ್‌ಗೆ ಹೊಗೆ ಮತ್ತು ಜಿಡ್ಡು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡುವುದೂ ತಪ್ಪು, ಚರ್ಮಕ್ಕೇ ಮೊದಲು ಬೂಷ್ಟು ಬರುತ್ತದೆ. ಹೊರಗಿಂದ ಒದ್ದೆಯಾಗಿ ಬಂದ ಕ್ಯಾಮೆರಾವನ್ನು ಒರೆಸಿ, ಒಣಗಿದ ಮೇಲೆ ಡಬ್ಬಿಗೆ ಹಾಕಿ. ಮಳೆ ನಿಂತ ದಿನ ಹೊರತೆಗೆದು ಬಳಸುತ್ತಿರಿ.

9. ಬರೆದಿಡಿ

ತಾರೀಕು, ಹೊತ್ತು, ಹಕ್ಕಿ, ಎಷ್ಟು. ಒಂದು ನೋಟ್‌ಬುಕ್ ಸಾಕು, ಇಲ್ಲವೇ ಇಬರ್ಡ್ ಆಪ್. ವರ್ಷ ಕಳೆದಂತೆ ಅಂಗಳದ ಕ್ಯಾಲೆಂಡರ್ ತಾನೇ ಮೂಡುತ್ತದೆ. ಕೈಲ್‌ಮುಹೂರ್ತದ ಸುಮಾರಿಗೆ ತೋಡಿನ ಬದಿಯಲ್ಲಿ ಹಳದಿ ಹೊಟ್ಟೆಯ ಬೂದು ಕುಂಡೆಕುಸ್ಕ ಕಾಣಿಸುತ್ತದೆ. ತುಲಾ ಸಂಕ್ರಮಣ ಬರುವ ಹೊತ್ತಿಗೆ ನವರಂಗ ಬಂದಿರುತ್ತದೆ. ಕಾಫಿ ಗಿಡದ ಬುಡದಲ್ಲಿ ಬಾಲವನ್ನು ಮೇಲೆ ಕೆಳಗೆ ಅಲ್ಲದೆ ಅತ್ತಿತ್ತ ಆಡಿಸುವ ಕುಂಡೆಕುಸ್ಕ ಕಂಡರೆ ಅದು ಕಾಡು ಕುಂಡೆಕುಸ್ಕ. ಇವೆಲ್ಲ ಚಳಿಗಾಲದ ಅತಿಥಿಗಳು, ಬೇಸಿಗೆಗೆ ಹೊರಡುತ್ತವೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಸೇರಿದೆ. ಕನಿಷ್ಠ 15 ನಿಮಿಷ ಒಂದೆಡೆ ಕೂತು ಎಣಿಸಿ ಇಬರ್ಡ್‌ಗೆ ಹಾಕಿದರೆ ಆಯಿತು. ಮಕ್ಕಳನ್ನೂ ಕೂರಿಸಿಕೊಳ್ಳಿ.

10. ಗೂಡು ಮತ್ತು ಮರಿ

ಇಲ್ಲಿ ನಾನು ಸ್ವಲ್ಪ ಗಟ್ಟಿ. ಗೂಡಿನ ಫೋಟೋ ತೆಗೆಯಬೇಡಿ. ಚೆನ್ನಾಗಿ ಕಾಣಲೆಂದು ಎಲೆ ಸರಿಸಿದರೆ ಕಾಗೆಗೂ ಮಟಪಕ್ಷಿಗೂ ದಾರಿ ತೋರಿಸಿದಂತೆ. ಮಂಗಟ್ಟೆಯದ್ದು ಇನ್ನೂ ಸೂಕ್ಷ್ಮ. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ತಂದುಕೊಟ್ಟ ಹಣ್ಣೇ ಗತಿ. ಮರದ ಕೆಳಗೆ ಜನ ನಿಂತಿದ್ದರೆ ಗಂಡು ಬರಲು ಹಿಂಜರಿಯುತ್ತದೆ, ಒಳಗಿರುವವು ಉಪವಾಸ. ಅಂಥ ಮರ ನಿಮ್ಮ ತೋಟದಲ್ಲಿದ್ದರೆ ಜಾಗವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ರಾತ್ರಿ ಗೂಬೆಗೆ ಫ್ಲಾಶ್ ಹೊಡೆಯಬೇಡಿ. ಕಾಡುಹಕ್ಕಿಯನ್ನು ಹಿಡಿಯುವುದು, ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, "ಮರಿ ಸಿಕ್ಕಿತ್ತು, ಸಾಕಿದೆ" ಎಂದರೂ ಸಹ.

ಹಾಗಾದರೆ ಮರಿ ಸಿಕ್ಕರೆ ಏನು ಮಾಡುವುದು? ಏಪ್ರಿಲ್, ಮೇನಲ್ಲಿ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಗರಿ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ನಾಯಿ ಕಟ್ಟಿಹಾಕಿ, ಪಕ್ಕದ ಪೊದೆಗೆ ಏರಿಸಿ, ದೂರ ಬನ್ನಿ. ಗರಿಯೇ ಇಲ್ಲದ ಮರಿಯಾದರೆ ಗೂಡು ಹುಡುಕಿ ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಬಾಯಿಗೆ ಹಾಲು, ನೀರು ಹನಿಸಬೇಡಿ, ಉಸಿರ್ನಾಳಕ್ಕೆ ಹೋಗುತ್ತದೆ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಾಗಿ ಬೆಚ್ಚಗಿಟ್ಟು, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ.